ನಾಲ್ಕನೇ ಕುರ್ಚಿ

ವಾರದ ಆರು ದಿನ ಅದಿರಿನ ಲಾರಿ ತೂಗುತ್ತೇನೆ.
ಸಂಡೂರು ರಸ್ತೆಯ ವೇಬ್ರಿಡ್ಜು, ಗಾಜಿನ ಗೂಡು,
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದು
ಚೀಟಿ ಹರಿದು ಕೊಡುವುದಷ್ಟೇ ಕೆಲಸ.
ಏಳನೇ ದಿನ, ಕರೆ ಬಂದರೆ,
ಬಳ್ಳಾರಿಯ ಈಜುಕೊಳದ ಪಕ್ಕ
ಕಬ್ಬಿಣದ ಎತ್ತರದ ಕುರ್ಚಿ ಹತ್ತಿ ಕೂತು
ನೀರಿಗೆ ಬೀಳುವವರನ್ನು ತೂಗುತ್ತೇನೆ.
ಐವರಲ್ಲಿ ನಾನು ನಾಲ್ಕನೆಯವನು.

ಮೇ ತಿಂಗಳು. ಗುಡ್ಡದ ಬಂಡೆ ಎಂಟಕ್ಕೇ ಕಾದ ಹಂಚು.
ಬಿಳಿ ಅಂಗಿ ಕಡ್ಡಾಯ. ಕೊರಳಪಟ್ಟಿಯಲ್ಲಿ ಮಾತ್ರ
ಎಷ್ಟು ಒಗೆದರೂ ಹೋಗದ ಕೆಂಪು.

ಕಲಿಸಿದವರು ರಜಾಕ್ ಸಾಹೇಬರು, ರೈಲ್ವೆಯಲ್ಲಿದ್ದವರು.
ಮೊದಲು ಕಣ್ಣಿಗೆ ಕಲಿಸು, ಅಂದರು, ಆಮೇಲೆ ಕೈಗೆ.
ಅವನು ಹಲಗೆಯನ್ನು ತುಳಿದನೋ
ಹಲಗೆಯೇ ಅವನನ್ನು ಎಸೆಯಿತೋ ನೋಡು.
ಮಂಡಿ ನೋಡು. ಕಾಲ್ಬೆರಳು ನೋಡು,
ಹೆದರಿದವನ ಬೆರಳು ಮೊದಲು ಸಡಿಲಾಗುತ್ತದೆ.
ನೀರು ಸೀಳುವಾಗ ಕಿವಿ ಕೊಡು:
ಕೋರಾ ಬಟ್ಟೆ ಪರ್ರನೆ ಹರಿದಂತಿದ್ದರೆ ಏಳರ ಮೇಲೆ,
ಒದ್ದೆ ಗೋಣಿಚೀಲ ಬಿದ್ದಂತಿದ್ದರೆ ನಾಲ್ಕರ ಕೆಳಗೆ.
ತಲೆ ಹೋಗಬೇಕಾದಲ್ಲಿ ಕಾಲು ಮೊದಲು ಹೋಯಿತೋ, ಸೊನ್ನೆ.
ಪಕ್ಕದ ಕುರ್ಚಿಯ ಮುಖ ಮಾತ್ರ ಎಂದೂ ನೋಡಬೇಡ.

ಸೀಟಿ ಊದಿದರೆ ಐದು ಫಲಕ ಒಟ್ಟಿಗೆ ಮೇಲೇಳುತ್ತವೆ.
ಎಲ್ಲಕ್ಕಿಂತ ಹೆಚ್ಚಿನದೊಂದು, ಎಲ್ಲಕ್ಕಿಂತ ಕಡಿಮೆಯದೊಂದು
ಹೊಡೆದುಹಾಕುತ್ತಾರೆ.
(ಒಂದು ಪ್ರೀತಿ, ಒಂದು ಮುನಿಸು
ಎಂದು ನಾನೇ ಹೆಸರಿಟ್ಟುಕೊಂಡಿದ್ದೇನೆ.)
ಉಳಿದ ಮೂರನ್ನು ಕೂಡಿಸಿ
ಕಷ್ಟದಿಂದ ಗುಣಿಸುವುದು.
ಹೌದು, ಕಷ್ಟಕ್ಕೊಂದು ಪಟ್ಟಿ ಇದೆ,
ಪ್ಲಾಸ್ಟಿಕ್ ಹೊದಿಸಿ, ದಾರ ಕಟ್ಟಿ
ಮೇಜಿನ ಕಾಲಿಗೆ ನೇತುಹಾಕಿದ್ದಾರೆ.
ಮುಂದಕ್ಕೆ ಒಂದೂವರೆ ಪಲ್ಟಿ, ಸೊಂಟ ಮಡಿಸಿ, ಮಂಡಿ ಮಡಿಸದೆ,
ಒಂದು ಮೀಟರ್ ಹಲಗೆಯಿಂದ: ಒಂದು ಪಾಯಿಂಟ್ ಏಳು.
ನನ್ನ ಗಾಜಿನ ಗೂಡಿನಲ್ಲಿ ಇಂಥ ಪಟ್ಟಿ ಇಲ್ಲ.
ಬ್ರೇಕು ಸುಟ್ಟ ವಾಸನೆ ಹೊತ್ತು ಘಾಟಿ ಇಳಿದ ಟನ್ನಿಗೂ
ಹಾಡು ಹಾಕಿಕೊಂಡು ಬಯಲಲ್ಲಿ ಬಂದ ಟನ್ನಿಗೂ
ಅದೇ ಚೀಟಿ.

ಇವತ್ತು ಮೂರನೇ ಸರದಿ, ಸಣಾಪುರದ ಹುಲಗೇಶ.
ಹದಿನಾಲ್ಕು. ಬಂಡೆಯಿಂದ ಹಾರಿ ಹಾರಿ ಬೆಳೆದ ಕಾಲು.
ಬಂಡೆ ಬಾಗುವುದಿಲ್ಲ, ಹಲಗೆ ಬಾಗುತ್ತದೆ,
ಬಾಗಿದ್ದು ಮೇಲೇಳುವತನಕ ಕಾಯಬೇಕು,
ಅದು ಅವನ ಮಂಡಿಗೆ ಇನ್ನೂ ತಿಳಿದಿಲ್ಲ.
ಕೊನೆಯ ಹೆಜ್ಜೆ ಅವಸರ. ಏರಿದ್ದೂ ಕಡಿಮೆ.
ಆದರೆ ಮಡಿಸಿದ ನೋಡಿ,
ಹೆಂಚಿನಿಂದ ಈಗಷ್ಟೇ ತೆಗೆದ ಜೋಳದ ರೊಟ್ಟಿ
ಬಿರುಕಿಲ್ಲದೆ ಮಡಿಸಿದಂತೆ.
ಬಿಚ್ಚಿದ. ಇಳಿದ.
ಪರ್ರ್.
ಕೊಳದ ಅಂಚಿಗೆ ನಾಲ್ಕೇ ಹನಿ.

ಐದು, ಆರು, ಆರೂವರೆ, ಎಂಟು, ಆರೂವರೆ.
ಎಂಟು ನನ್ನದು.
ಹೊಡೆದುಹಾಕಿದರು.
ಉಳಿದದ್ದು ಹತ್ತೊಂಬತ್ತು, ಗುಣಿಸಿದರೆ ಮೂವತ್ತೆರಡು ಪಾಯಿಂಟ್ ಮೂರು.
ಆ ಲೆಕ್ಕದಲ್ಲಿ ನಾನು ಎಲ್ಲೂ ಇಲ್ಲ.
ಬೇಜಾರಾಯಿತು. ಆಮೇಲೆ,
ಇರಲಿ, ಅದಕ್ಕೇ ಅಲ್ಲವೇ ಐದು ಕುರ್ಚಿ, ಅನ್ನಿಸಿತು.

ಜಾಲರಿಯ ಆಚೆ ಅವನ ಅವ್ವ ದುರುಗಮ್ಮ,
ಹರಿಗೋಲು ನಡೆಸುವವಳು, ಅಂಗೈ ತುಂಬ ಹುಟ್ಟಿನ ಗಂಟು.
ಎಲ್ಲರೂ ಚಪ್ಪಾಳೆ ತಟ್ಟುವಾಗ ತಟ್ಟಲಿಲ್ಲ.
ಎದ್ದು ನಿಂತಿದ್ದಳು. ಮಗನ ತಲೆ ನೀರ ಮೇಲೆ ಕಂಡ ಮೇಲೆ
ಕೂತಳು.
ಚಹಾದ ಹೊತ್ತಿಗೆ ಹತ್ತಿರ ಬಂದು ಕೇಳಿದಳು:
"ಒಳಗ ಹೋಗೂದಕ್ಕ ಇಷ್ಟು ಮಂದಿ ನಂಬರ್ ಕೊಡ್ತೀರಲ್ರೀ,
ಮ್ಯಾಲ ಬರೂದಕ್ಕ ಯಾರು ಕೊಡ್ತಾರ?"

ನಿಯಮ ಹೇಳಿದೆ. ಪಾದದ ತುದಿ ಮುಳುಗಿದರೆ
ನಮ್ಮ ಲೆಕ್ಕ ಮುಗಿಯಿತಮ್ಮ,
ನೀರಿನ ಕೆಳಗಿನದು ನಮಗೆ ಸೇರಿದ್ದಲ್ಲ.
ಸ್ವಲ್ಪ ಹೊತ್ತು ಲೋಟದೊಳಗೆ ನೋಡಿದಳು.
"ನಮ್ಮ ಕಡೆ ಅಲ್ಲಿಂದನ ಶುರು," ಅಂದು
ಲೋಟ ತೊಳೆದಿಟ್ಟು ಹೋದಳು.

ಮುಂದಿನ ಸರದಿ ಹೊಸಪೇಟೆಯ ಹುಡುಗಿ, ಹಿಮ್ಮುಖ ಜಿಗಿತ.
ಸೀಟಿ ಊದಿತು. ನಾಲ್ಕು ಫಲಕ ಮೇಲೆದ್ದವು.
"ನಂಬರ್ ನಾಲ್ಕು! ಏನ್ ನೋಡಾಕತ್ತೀರಿ?"
ರೆಫರಿ ಕೂಗಿದ.
ಗುಳ್ಳೆ ನೋಡುತ್ತಿದ್ದೆ.