ಐನೂರಕ್ಕೊಂದು

ಗುರುವಾರ ಭೋಸರಿಗೆ ರಜೆ.
ಪ್ರೆಸ್ಸುಗಳ ಹೊಡೆತ ನಿಂತು
ಕಿವಿಯೊಳಗೆ ಅದರ ಗುಂಯ್ ಮಾತ್ರ ಉಳಿದ ಹೊತ್ತು
ಬಿರಾಜದಾರ ಕಂಬದ ನೆತ್ತಿಯಿಂದ ದಾರ ಇಳಿಬಿಟ್ಟ.
ಗುಂಡು ಗಾಳಿಗೆ ತೂಗಾಡದಿರಲೆಂದು
ಕೆಳಗೆ ಬಕೀಟಿನಲ್ಲಿ ಹಳೆಯ ಎಂಜಿನ್ ಎಣ್ಣೆ.
'ಒಳಂಬಾ ಸುಳ್ಳ ಹೇಳೂದಿಲ್ಲ ಬಾಯಾರ,' ಅಂದ
ಜತ್ತದ ಕನ್ನಡದಲ್ಲಿ,
ಅರ್ಧ ಬೀಡಿ ಕಿವಿಗೆ ಸಿಕ್ಕಿಸಿಕೊಂಡು.

ಏಳು ಮೀಟರಿಗೆ ಹದಿನಾಲ್ಕು ಮಿಲಿಮೀಟರು.
ಎರಡು ಸಲ ಅಳೆದೆ. ಅಷ್ಟೇ.
ಐನೂರಕ್ಕೊಂದು ಪಾಲು:
ಪುಸ್ತಕ ಕ್ಷಮಿಸುವ ಕಟ್ಟಕಡೆಯ ಕೂದಲೆಳೆ.

ನಾನು ಕಲಿತಾಗ ಕಂಬಗಳೆಲ್ಲ ನೆಟ್ಟಗಿದ್ದವು.
ಏರಂಡವಣೆಯ ಮಾಳಿಗೆ ಕೋಣೆಯಲ್ಲಿ ಘಾರಪುರೆ ಸರ್
ತಖ್ತೆಯ ಎರಡು ಗೆರೆಗಳಿಗೆ ಪ್ಲಾಸ್ಟಿಕ್ ಪಟ್ಟಿ ತಾಗಿಸಿ
ನಡುಗೆರೆ ಕಡಿದಲ್ಲಿ ಓದುತ್ತಿದ್ದರು: ಒಂದೂ ಮುಕ್ಕಾಲು.
ಅಂದರೆ ಏಳು ಮೀಟರಿನ ಕಂಬವನ್ನು
ಹನ್ನೆರಡೂ ಕಾಲು ಅಂತ ತಿಳಿ.
ಇಲ್ಲದ ಉದ್ದ ಹೇಳಿ ಹೆದರಿಸು, ಇರುವುದನ್ನು ದಪ್ಪ ಮಾಡು.
ಇಪ್ಪತ್ತೆರಡು ವರ್ಷ ನಾನೂ ಹಾಗೇ ಹೆದರಿಸಿದೆ.
ಒಂದೂ ಬಿದ್ದಿಲ್ಲ. ಅದನ್ನೂ ಹೇಳಬೇಕು.

ಆಮೇಲೆ ಸಾನಿಕಾ ದಾಭಾಡೆ ಬಂದಳು, ಇಪ್ಪತ್ತಾರರ ಹುಡುಗಿ,
ಡಬ್ಬಿಯಲ್ಲಿ ಥಾಲಿಪೀಠ.
'ಮೊದಲೇ ವಾಲಿಸಿ ನಿಲ್ಲಿಸೋಣ, ಮ್ಯಾಡಂ.
ಗಡಸಿನಲ್ಲಿ ಹತ್ತಕ್ಕೆರಡು ಕಳೆಯೋಣ.
ಮಿಲ್ಲಿನಲ್ಲಿ ಆರುವಾಗಲೇ ಅದರೊಳಗೆ ಒಂದು ಬಿಗುವು
ಕೂತುಬಿಟ್ಟಿರುತ್ತದಲ್ಲ.
ಇಷ್ಟೆಲ್ಲ ಒಪ್ಪಿಕೊಂಡ ಮೇಲೆ ಕೇಳೋಣ, ನಿಲ್ಲುತ್ತೀಯಾ ಅಂತ.'

ನಗು ಬಂತು ನನಗೆ.
ಹೆಣ್ಣು ನೋಡುವ ದಿನ
ಹೆಣ್ಣಿನ ಕಡೆಯವರೇ ಎದ್ದು ಐಬು ಓದಿದ ಹಾಗೆ.

ಸೊಟ್ಟ ಇದ್ದಲ್ಲಿಗೆ ಭಾರ ಹೋಗುತ್ತದೆ,
ಭಾರ ಹೋದಲ್ಲಿ ಸೊಟ್ಟ ಹೆಚ್ಚುತ್ತದೆ.
ಪರದೆಯ ಮೇಲೆ
ಹತ್ತು
ಹನ್ನೆರಡು
ಹನ್ನೆರಡು ಪಾಯಿಂಟು ನಾಲ್ಕು
ಹನ್ನೆರಡೂವರೆ
ಹನ್ನೆರಡೂವರೆ.
ನಿಂತಿತು.
ಅವಳು ಡಬ್ಬಿ ಬಿಚ್ಚಿದಳು.

ತಿನ್ನುತ್ತಲೇ ತೋರಿಸಿದಳು, ಎಣ್ಣೆಯ ಬೆರಳಿನಲ್ಲಿ:
ಒಳಸಾಲಿನ ಈ ಕಂಬಗಳಿಗೆ ಅಡ್ಡಕ್ಕೆ ತ್ರಾಣವೇ ಇಲ್ಲ,
ಮೇಲೊಂದು ಕೆಳಗೊಂದು ಪಿನ್ನು. ಹೊರುತ್ತವೆ, ಅಷ್ಟೇ.
ವಾಲಿದರೆ ಪಕ್ಕದ ಚೌಕಟ್ಟಿಗೆ ಒರಗುತ್ತವೆ.
ಆ ಒರಗನ್ನು ಯಾರದಾದರೂ ಖಾತೆಗೆ ಬರೆಯಬೇಕು.

ಥಾಲಿಪೀಠ ಗಂಟಲಲ್ಲೇ ನಿಂತಿತು.

ರಾತ್ರಿ ಕಪಾಟು ತಡಕಿ
ಚಿಂಚವಡದ ಗೋದಾಮೊಂದರ ಹಾಳೆ ತೆಗೆದೆ.
ಪೆನ್ಸಿಲಿನ ಅಂಕಿಗಳು ಮಾಸಿಲ್ಲ, ಸಹಿ ನನ್ನದೇ.
ಎರಡು ಚೌಕಟ್ಟು. ನಡುವೆ ಒರಗುವ ಕಂಬ ಆರು.
ಒರಗು ಯಾರ ಖಾತೆಯಲ್ಲೂ ಇಲ್ಲ.
ಹದಿನಾಲ್ಕು ಮಳೆಗಾಲ ಕಳೆದಿವೆ.
ಅಲ್ಲಿ ಈಗ ಟೈರು ಪೇರಿಸುತ್ತಾರಂತೆ, ಸೂರಿನ ತನಕ.

ಹತ್ತು
ಹದಿನೈದು
ಹದಿನೇಳೂವರೆ
ಹದಿನೆಂಟೂ ಮುಕ್ಕಾಲು
ಚಹಾಕ್ಕೆ ಕೆನೆ ಕಟ್ಟಿದೆ.
ಅಂಕಿ ಇನ್ನೂ ನಡೆಯುತ್ತಿದೆ, ಹೆಜ್ಜೆ ಸಣ್ಣದಾಗಿದೆ,
ಸಣ್ಣದಾಗಿದೆಯೇ?

ಬಿರಾಜದಾರ,
ಬರುವ ಗುರುವಾರ ಚಿಂಚವಡಕ್ಕೆ ಬಾ.
ಏಣಿ ಉದ್ದದ್ದೇ ಇರಲಿ.
ಎಣ್ಣೆ ನಾನು ತರುತ್ತೇನೆ.