ಸೋತು ಸುಣ್ಣ

ಸೋತು ಸುಣ್ಣವಾದೆವು ಅನ್ನುತ್ತಾರೆ ಜನ.
ಅನ್ನಲಿ. ಆದರೆ ಸುಣ್ಣದ ವಿಚಾರ
ನನ್ನ ಮುಂದೆ ಯಾರೂ ಎತ್ತಬಾರದು.
ಹನ್ನೊಂದು ವರ್ಷದಿಂದ ಅರಸೀಕೆರೆಯ ರೈಲ್ವೆ ಮೈದಾನಕ್ಕೆ
ಭಾನುವಾರ ಬೆಳಗಿನ ಐದೂವರೆಗೆ ಗೆರೆ ಎಳೆಯುವವನು ನಾನು.
ತಳಕ್ಕೆ ತೂತು ಹೊಡೆದ ಡಾಲ್ಡಾ ಡಬ್ಬ,
ಕೊಬ್ಬರಿ ಮಂಡಿಯಿಂದ ತಂದ ಸೆಣಬಿನ ಹುರಿ,
ಈ ತುದಿಗೊಂದು ಮೊಳೆ, ಆ ತುದಿಗೊಂದು.
ಮರುಳಪ್ಪ ಅಂತ ಹೆಸರಿಟ್ಟ ಅಜ್ಜಿಗೆ
ಮುಂದಾಗುವುದು ಗೊತ್ತಿತ್ತೇನೋ.

ಹಾಸನದಿಂದ ಹೊರಟ ರಾತ್ರಿ ಪ್ಯಾಸೆಂಜರಿನಲ್ಲಿ
ಕೊರವಂಗಲ ದಾಟುವ ತನಕ ಉಸಿರಿಲ್ಲ.
ಆಮೇಲೆ ಎಲ್ಲರೂ ಒಟ್ಟಿಗೆ
ರೆಫರಿಯ ಏಳು ತಲೆಮಾರನ್ನು ಜಾಲಾಡಿದರು.
ಎರಡು, ಒಂದು. ಮುಗಿಯಿತು ಈ ವರ್ಷ.
ಕೊನೆಯ ನಿಮಿಷ ನೂರುಲ್ಲಾ ಒದ್ದ ಚೆಂಡು
ಮೇಲಿನ ಪಟ್ಟಿಗೆ ಬಡಿದು ನೆಟ್ಟಗೆ ಕೆಳಗಿಳಿದು
ಗೆರೆಯ ಮೇಲೆ ಪುಫ್ ಅಂದು
ಹೊರಗೆ ಪುಟಿಯಿತು.
ಗೋಲು ಅಂತ ಊರೆಲ್ಲ ಎದ್ದು ನಿಂತಿತು.
ನಾನೂ ಎದ್ದೆ.
ಆದರೆ ಸುಣ್ಣ ಹಾರಿದ್ದನ್ನು ಕಂಡೆ.

ಒಳ್ಳೆಯದನ್ನು ಎಣಿಸೋಣ ಅಂತ
ಕಿಟಕಿಗೆ ತಲೆ ಆನಿಸಿ ಕೂತೆ.
ಹೋದ ವರ್ಷ ಏಳನೆಯವರು, ಎಂಟು ತಂಡದಲ್ಲಿ.
ಈ ಸಲ ನಾಲ್ಕನೆಯವರು; ಪ್ಲೇಆಫ್ ಅನ್ನುವ ಮಾತನ್ನು
ನಮ್ಮ ಊರು ಬಾಯಲ್ಲಿಟ್ಟು ಚಪ್ಪರಿಸಿದ್ದೇ ಮೊದಲು.
ಪಾಯಿಂಟ್ಸ್‌ಮನ್ ಆರೋಗ್ಯಸ್ವಾಮಿಯ ಮಗ,
ಇನ್ನೂ ಮೀಸೆ ಮೂಡದ ಹುಡುಗ,
ಒಂದು ಪೆನಾಲ್ಟಿ ಹಿಡಿದ.
ಹಿಡಿದು, ಚೆಂಡನ್ನು ಬಿಡಲೇ ಇಲ್ಲ ಸ್ವಲ್ಪ ಹೊತ್ತು,
ಕೂಸು ಎತ್ತಿಕೊಂಡವನ ಹಾಗೆ.
ನೂರುಲ್ಲಾನ ತಾಯಿ ಮೊದಲ ಸಲ ಆಟಕ್ಕೆ ಬಂದಿದ್ದರು.
ಆಫ್‌ಸೈಡ್ ಅಂದರೇನು ಅಂತ ನನ್ನನ್ನು ಕೇಳಿದರು.
ನಾನು ಹೇಳಿದ್ದು ಅವರಿಗೆ ತಿಳಿಯಲಿಲ್ಲ,
ನನಗೂ ಅಷ್ಟಕ್ಕಷ್ಟೆ.
ಸ್ಟೀಲು ಡಬ್ಬಿಯ ಚಕ್ಕುಲಿ ಮಾತ್ರ
ಗೆದ್ದವರ ಬೆಂಚಿನವರೆಗೂ ಹೋಗಿ ಬಂತು.

ಇನ್ನೊಂದಿತ್ತು.
ಬಾಗೇಶಪುರದಲ್ಲಿ ಗಾಡಿ ನಿಂತಾಗ ನೆನಪಾಯಿತು,
ಮತ್ತೆ ಮರೆಯಿತು. ಇರಲಿ.

ಚೆಂಡು ನನ್ನ ತೊಡೆಯ ಮೇಲಿತ್ತು.
ಲೈಟಿನ ಕೆಳಗೆ ಹೊರಳಿಸಿದೆ:
ಹೊಲಿಗೆಯ ಪಕ್ಕ, ಹುಣಸೆ ಬೀಜದಷ್ಟಗಲ,
ಬಿಳಿ.
ಅವರ ಮೈದಾನ, ಅವರ ಸುಣ್ಣ,
ಯಾರೋ ನನ್ನಂಥವನೇ ಬೆಳಗ್ಗೆ ಬಗ್ಗಿ ಎಳೆದ ಗೆರೆ.
ಗೆರೆಯ ಮೇಲೆ ಬಿದ್ದದ್ದು ಒಳಗೆ ಬಿದ್ದದ್ದಲ್ಲ.
ರೆಫರಿ ಸರಿ.
ಸುತ್ತ ಹದಿನಾರು ಜನ ಬೈಯುತ್ತಿದ್ದರು.
ಟವೆಲ್ಲು ಕೈಗೆ ತಗೊಂಡೆ. ಒರೆಸಿದರೆ ಆಯಿತು,
ಊರಿಗೆ ಮೋಸಹೋದ ಸಮಾಧಾನವಾದರೂ ಸಿಗುತ್ತದೆ,
ಚಹಾದಂಗಡಿಯಲ್ಲಿ ಹತ್ತು ವರ್ಷ ನಡೆಯುತ್ತದೆ.
ಒರೆಸಲಿಲ್ಲ.
ಸುಣ್ಣ ತಿಂದ ಕೈ ಇದು, ಬಿರಿದ ಬೆರಳು;
ಗೆರೆಗೆ ಸುಳ್ಳು ಹೇಳಲು ಬರಲಿಲ್ಲ.

ಇವತ್ತು ಭಾನುವಾರ.
ಆಟವಿಲ್ಲ, ಆದರೂ ಐದೂವರೆಗೆ ಎಚ್ಚರ.
ಮೈದಾನದಲ್ಲಿ ಎರಡು ಆಡು, ಒಂದು ಸೈಕಲ್ಲು.
ಗೂಡ್ಸು ಗಾಡಿ ಶಂಟಿಂಗಿಗೆ ಹಿಂದೆ ಮುಂದೆ ಆಡುತ್ತಿತ್ತು.
ನೂರುಲ್ಲಾ ಗೋಲುಕಂಬಕ್ಕೆ ಒರಗಿ ಕೂತಿದ್ದ.
ನಿದ್ದೆ ಮಾಡಿದವನ ಕಣ್ಣಲ್ಲ.
'ಮರುಳಣ್ಣ, ಒಳಗೆ ಹೋಗಿತ್ತಾ?'
ಚೀಲದಿಂದ ಚೆಂಡು ತೆಗೆದು ಕೊಟ್ಟೆ.
ಹೆಬ್ಬೆರಳನ್ನು ಬಿಳಿಯ ಮೇಲಿಟ್ಟು
ಬಹಳ ಹೊತ್ತು ನೋಡಿದ.

'ಇಷ್ಟೇನಾ?'
'ಅಷ್ಟೇ.'

ಆಡು ಕೂಗಿತು. ಅವನು ನಕ್ಕ ಅಂತ ಹೇಳಲಾರೆ,
ಆದರೆ ಮುಖದ ಒಂದು ಕಡೆ ಸಡಿಲವಾಯಿತು.
ಅಷ್ಟು ಹತ್ತಿರ ಹೋಗಿದ್ದೆನಾ ನಾನು
ಅಂದುಕೊಂಡವನ ಮುಖ.
ಎದ್ದು ಚಡ್ಡಿಯ ಮಣ್ಣು ಕೊಡವಿ ಅಂದ:
'ಮುಂದಿನ ವರ್ಷ
ಗೆರೇನ ಸ್ವಲ್ಪ ಸಣ್ಣಗೆ ಎಳಿ.'

ಗೆರೆ ಸಣ್ಣಗಾದರೆ ಅವರಿಗೂ ಸಣ್ಣಗೇ ಅಲ್ಲವೇನೋ ಅಂದೆ.
ಅಷ್ಟರಲ್ಲಿ ಅವನು ಚೆಂಡು ತಳ್ಳಿಕೊಂಡು
ಆಡುಗಳ ನಡುವೆ ನುಗ್ಗಿದ್ದ.

ಶೆಡ್ಡಿನಲ್ಲಿ ಅರ್ಧ ಮೂಟೆ ಉಳಿದಿದೆ.
ಬಾಯಿ ಬಿಗಿಯಾಗಿ ಕಟ್ಟಬೇಕು,
ಗಾಳಿ ತಾಗಿದರೆ ಗಟ್ಟಿಯಾಗುತ್ತದೆ.