ದವಡಿಯೊಳಗಿನ ಬೆಳ್ಳಿ

ಗುಳೇದಗುಡ್ಡದ ಪತ್ತಾರ ನಾನು,
ಪಾದರಸ ನನಗೇನು ಹೊಸದಲ್ಲ.
ಅಂಗಡಿ ಗುಡಿಸಿದ ಧೂಳು ತೊಳೆದು
ಅಪ್ಪ ಅದರಾಗ ಪಾದರಸ ಉರುಳಿಸಿದರ
ಚೂರುಪಾರು ಬಂಗಾರ ಓಡಿಬಂದು ಕೂಡತಿತ್ತು.
ಆಮ್ಯಾಲ ಕುಲುಮಿ. ಬಂಗಾರ ಉಳೀತಿತ್ತು,
ಹಾರಿಹೋದದ್ದು ಎಲ್ಲಿಗೆ ಹೋತು ಅಂತ
ಯಾರೂ ಕೇಳಲಿಲ್ಲ.
ಕಡೀಕ ಅಪ್ಪನ ಕೈ ನಡುಗಿ
ತಕ್ಕಡಿ ನಿಲ್ಲತಿರಲಿಲ್ಲ;
ಗುಲಗಂಜಿ ನಾನೇ ಎಣಿಸಿ ಹಾಕತಿದ್ದೆ.

ಇವತ್ತು ಬಾಗಲಕೋಟಿ ನವನಗರದಾಗ
ಡಾಕ್ಟರ್ ಶಾಹೀನಾ ಬಾಯೊಳಗ ಕನ್ನಡಿ ಹಿಡಿದು
‘ಹಳೇ ಫಿಲ್ಲಿಂಗು ಕಾಕಾ, ಅರ್ಧ ಪಾದರಸ’ ಅಂದ್ರು.
ಮೂವತ್ತೆಂಟು ವರ್ಷ!
ಬೆಳ್ಳಿ ಅಂತ ಹೇಳಿ ತುಂಬಿದ್ರಲ್ಲೋ ಆವಾಗ,
ಬೆಳ್ಳಿ ತೂಗಿ ತೂಗಿ ಬದುಕಿದವನ ಬಾಯಾಗ!

‘ತಗದುಬಿಡ್ರಿ, ಬಿಳೀದು ತುಂಬ್ರಿ.’
‘ಗಟ್ಟಿ ಕುಂತೈತಿ. ಕೊರದ್ರ ಆವಿ ಏಳತೈತಿ.
ಸುಮ್ಮನಿದ್ದದ್ದನ್ನ ಯಾಕ ಕೆಣಕತೀರಿ?
ಬಿಳೀದು ಚೆಂದ, ಖರೆ. ನಿಮ್ಮ ಕಟಕ ರೊಟ್ಟಿಗೆ
ಇಷ್ಟು ವರ್ಷ ತಾಳೂದು ಅನುಮಾನ.’
ಸಂಗಡ ಬಂದ ಸೊಸಿ ನೀಲಾಂಬಿಕಾಗ ಆರು ತಿಂಗಳು.
‘ಇವರಿಗೆ ಮಾತ್ರ ಬಿಳೀದ’ ಅಂದ್ರು,
ಎರಡನೇ ಮಾತಿಲ್ಲ.

ಬಸ್ಸಿನ್ಯಾಗ ನಾಲಗಿ ಮತ್ತ ಮತ್ತ ಅಲ್ಲಿಗೇ.
ನುಣ್ಣಗ, ತಣ್ಣಗ,
ಬಾಡಿಗಿ ಕೊಡದ ಕುಂತ ನೆಂಟನಂಗ.

ಮನಿಗೆ ಬಂದು ಅಪ್ಪನ ತಕ್ಕಡಿ ಇಳಿಸಿದೆ.
ಖಾಲಿ ಪರಡಿ ಎರಡೂ
ಕೈ ಚಾಚಿ ಎತ್ತಿ ಹಿಡಿದು
ಉಸಿರು ಬಿಡದ ಮುಳ್ಳು ನೋಡಿದೆ.
ಒಂಚೂರು ಅಲುಗಿತೋ, ಗಾಳಿಯೋ?

‘ಮಾವಾರ, ರೊಟ್ಟಿ ಆರತಾವ’ ಅಂದ್ಲು ಸೊಸಿ.
ಈ ಕಡೆ ದವಡಿಲೆ ಅಗೀಬಾರದು
ಅಂತ ಮಾಡಿದ್ದೆ;
ಶೇಂಗಾ ಹಿಂಡಿ ಭಾಳ ಚಲೋ ಆಗಿತ್ತು,
ಮರತೆ.